ಗುಡ್ಡದ ಮರೆಯ ಮನೆಗೆ ಮೆಟಾಸರ್ಫೇಸ್ ಇಟ್ಟು ಸಿಗ್ನಲ್ ತಿರುಗಿಸಲಿಕ್ಕೆ ಆಗ್ತದಾ?

ಪೆರ್ಲ_ಪದವು
ಜಾಗ: ಪೆರ್ಲದಿಂದ ಒಳಗೆ, ಅಡಿಕೆ ತೋಟದ ತಗ್ಗಿನಲ್ಲಿ ಮುರಕಲ್ಲಿನ ಮನೆ. ಅಂಗಳದಲ್ಲಿ 4ಜಿ ಆರ್‌ಎಸ್‌ಆರ್‌ಪಿ −115 ಡಿಬಿಎಂ (ಫೋನಿಗೆ ಸಿಗುವ ಟವರ್ ಸಿಗ್ನಲಿನ ಬಲ; ಸೊನ್ನೆಗೆ ಹತ್ತಿರ ಆದಷ್ಟೂ ಒಳ್ಳೆಯದು). ಪಡುವಣ ಗುಡ್ಡದ ನೆತ್ತಿಯಲ್ಲಿ ಅದೇ ಟವರಿನದ್ದು −75. ಬ್ಯಾಂಡ್ 3, ಅಂದರೆ 1800 ಮೆಗಾಹರ್ಟ್ಸ್. ನೆತ್ತಿಯಿಂದ ಮನೆಗೆ ನೇರ 100 ಮೀಟರ್, ನಡುವೆ ಅಡ್ಡ ಏನಿಲ್ಲ. ಟವರ್ ಗುಡ್ಡದ ಆಚೆ ಬದಿಗೆ.

ಕರೆಂಟ್ ಬೇಡದ, ತಾಮ್ರದ ಚೌಕಗಳನ್ನು ಅಚ್ಚು ಹಾಕಿದ ಬೋರ್ಡಿನಿಂದ (ಅದಕ್ಕೇ ಮೆಟಾಸರ್ಫೇಸ್ ಅನ್ನುವುದು) ಅಲೆಯನ್ನು ಬೇಕಾದ ಕಡೆಗೆ ತಿರುಗಿಸಬಹುದು ಅಂತ ಓದಿದ್ದು. ಸರ್ಕ್ಯೂಟ್ ಬೋರ್ಡುಗಳಿಗೆ ಬಳಸುವ ಮಾಮೂಲಿ 1.6 ಮಿಮೀ ಎಫ್‌ಆರ್4 ಬೋರ್ಡಿನಲ್ಲಿ 1 ಚದರ ಮೀಟರ್ ಮಾಡಿ ನೆತ್ತಿಯಲ್ಲಿ ನಿಲ್ಲಿಸಿದರೆ ಪ್ರಯೋಜನ ಉಂಟಾ? ಲೆಕ್ಕ ಗೊತ್ತಿದ್ದವರು ಹೇಳಿ.

ಬದಿಯಡ್ಕ_ಮಾಷ್ಟ್ರು
ಮೊದಲು ಬೋರ್ಡು ಮರೆತುಬಿಡಿ, ವಿಸ್ತೀರ್ಣದ ಲೆಕ್ಕ ಮಾಡುವ. ಒಂದು ಫಲಕ ತನ್ನ ಮೇಲೆ ಬಿದ್ದದ್ದನ್ನೆಲ್ಲ ನಷ್ಟವಿಲ್ಲದೆ ನಿಮ್ಮ ಮನೆಯ ಕಡೆಗೇ ಕಳಿಸಿತು ಅಂತ ಇಟ್ಟುಕೊಳ್ಳಿ. ಆಗ ಮನೆಯಲ್ಲಿ ಸಿಗುವ ತೀವ್ರತೆಗೂ ಫಲಕದ ಜಾಗದ ತೀವ್ರತೆಗೂ ಇರುವ ಅನುಪಾತ:

[ವಿಸ್ತೀರ್ಣ ÷ (ತರಂಗಾಂತರ × ದೂರ)] ಇದರ ವರ್ಗ.

1800ಕ್ಕೆ ತರಂಗಾಂತರ 0.167 ಮೀ. ನಿಮ್ಮ 1 ಚದರ ಮೀಟರ್, 100 ಮೀಟರಿಗೆ 1 ÷ 16.7, ವರ್ಗ ಮಾಡಿದರೆ −24.5 ಡಿಬಿ (ಡಿಬಿ ಅನುಪಾತದ ಅಳತೆ, 10 ಡಿಬಿ ಅಂದರೆ ಹತ್ತು ಪಟ್ಟು). ನೆತ್ತಿಯ −75ಕ್ಕೆ ಸೇರಿಸಿದರೆ −99.5. ಕಾಗದದ ಮೇಲೆ 15 ಡಿಬಿ ಲಾಭ, ಚೆನ್ನಾಗಿಯೇ ಉಂಟು.

ಇದೇ ಫಲಕಕ್ಕೆ, ಇದೇ ದೂರಕ್ಕೆ 700 ಮೆಗಾಹರ್ಟ್ಸಿನಲ್ಲಿ −32.6; 5ಜಿಯ 3.5 ಗಿಗಾಹರ್ಟ್ಸಿನಲ್ಲಿ −18.7. ಗಮನಿಸಿ, ವಿಸ್ತೀರ್ಣ ಇಮ್ಮಡಿಯಾದರೆ 3 ಅಲ್ಲ, 6 ಡಿಬಿ ಸಿಗ್ತದೆ: ಹಿಡಿಯುವುದೂ ಹೆಚ್ಚು, ಕಿರಣವೂ ಅಷ್ಟೇ ಸಪುರ.

ಮುಳ್ಳೇರಿಯ_ಆ್ಯಂಟೆನಾ
ಮಾಷ್ಟ್ರೇ, ಸೂತ್ರ ಸರಿ. ಆದರೆ ಫಲಕ ಟವರಿಗೂ ಮನೆಗೂ ಎಷ್ಟು ಓರೆಯಾಗಿ ಕಾಣ್ತದೆ ಅನ್ನುವುದು ಅದರಲ್ಲಿ ಬರಲಿಲ್ಲ. ಇವರ ಯೋಜನೆ ಬೀಳುವುದೇ ಅಲ್ಲಿ.

ಪೆರ್ಲದವರೇ, ನೆತ್ತಿಯಲ್ಲಿ ನಿಂತು ದಿಕ್ಸೂಚಿ ಹಿಡಿದರೆ ಟವರಿನ ದಿಕ್ಕಿಗೂ ಮನೆಯ ದಿಕ್ಕಿಗೂ ನಡುವೆ ಎಷ್ಟು ಡಿಗ್ರಿ?

ಪೆರ್ಲ_ಪದವು
ಸುಮಾರು 160.

ಮುಳ್ಳೇರಿಯ_ಆ್ಯಂಟೆನಾ
ಹಾಗಾದರೆ ಪ್ರತಿಫಲನಕ್ಕೆ ಫಲಕದ ಲಂಬ ರೇಖೆ ಎರಡರ ಮಧ್ಯಕ್ಕೆ, ಎರಡೂ ಕಡೆಗೆ 80 ಡಿಗ್ರಿ ಓರೆ. 80 ಡಿಗ್ರಿಯ ಕೊಸೈನ್ 0.174. ಹಿಡಿಯುವಾಗ ಒಮ್ಮೆ, ಬಿಡುವಾಗ ಒಮ್ಮೆ, ಒಟ್ಟು −15.2 ಡಿಬಿ. −99.5 ಹೋಗಿ −114.7. ಅಂಗಳದಲ್ಲಿ ಈಗ ಇರುವುದು −115. ಗುಡ್ಡಕ್ಕೆ ಫಲಕ ಹೊತ್ತದ್ದು ಮಾತ್ರ ಲಾಭ.

"ಮೆಟಾಸರ್ಫೇಸ್ ಆದರೆ ಕೋನದ ನಿಯಮ ಮುರಿಯುತ್ತದಲ್ಲ" ಅಂತ ಕೇಳುವವರಿಗೆ: ಬಿದ್ದ ಕೋನ, ಹೊರಟ ಕೋನ ಒಂದೇ ಇರಬೇಕೆಂಬ ನಿಯಮ ಮಾತ್ರ ಮುರಿಯುವುದು. ಟವರಿನಿಂದ ಎಷ್ಟು ಅಗಲ ಕಾಣುತ್ತದೋ ಅಷ್ಟೇ ಶಕ್ತಿ ಅದಕ್ಕೂ ಸಿಗುವುದು. ಟವರಿಗೆ ಮುಖ ಮಾಡಿ ನಿಲ್ಲಿಸಿದರೆ ಮನೆ ಫಲಕದ ಬೆನ್ನಿಗೆ ಬೀಳ್ತದೆ. ದಾಟಿಸಿ ಬಗ್ಗಿಸುವ ಜಾತಿಯ ಫಲಕಗಳೂ ಉಂಟು, ಅವಕ್ಕೆ ಮೂರು ನಾಲ್ಕು ತಾಮ್ರದ ಪದರ ಬೇಕು. 1800ಕ್ಕೆ ಆ ಗಾತ್ರದಲ್ಲಿ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಎದುರಿನ, ಮೂಡುಬದಿಯ ಗುಡ್ಡ ನೋಡಿ. ಅಲ್ಲಿಂದ ಪಡುವಣ ಗುಡ್ಡದ ತಲೆಯ ಮೇಲಿಂದ ಟವರ್ ಕಾಣಬೇಕು, ಮನೆಯೂ ಕಾಣಬೇಕು. ಎರಡೂ ಒಂದೇ ಬದಿಗೆ ಬಂದರೆ ಓರೆಯ ನಷ್ಟ ಬಹುಮಟ್ಟಿಗೆ ಹೋಯಿತು.

ಪೆರ್ಲ_ಪದವು
ಅಲ್ಲಿ ಒಂದು ಪಾದೆ (ಬಂಡೆ) ಉಂಟು, ಎರಡೂ ಕಾಣ್ತದೆ. ಆರ್‌ಎಸ್‌ಆರ್‌ಪಿ −80. ಮನೆಗೆ 150 ಮೀಟರ್. ಕೋನ 40 ಡಿಗ್ರಿ.

ಬದಿಯಡ್ಕ_ಮಾಷ್ಟ್ರು
1 ಚದರ ಮೀಟರಿಗೆ: 1 ÷ 25, ವರ್ಗ, −28 ಡಿಬಿ. 20 ಡಿಗ್ರಿ ಓರೆಗೆ ಅರ್ಧ ಡಿಬಿ. ಒಟ್ಟು −108.5.
2 ಮೀ × 2 ಮೀ ಆದರೆ ಇನ್ನು 12 ಡಿಬಿ ಸೇರಿ −96.5. ಕರೆ ಕಡಿಯುವುದು ನಿಲ್ತದೆ, ಡೇಟಾವೂ ಓಡ್ತದೆ. ಇದು ಅಂಗಳದ ಲೆಕ್ಕ. ಮುರಕಲ್ಲಿನ ಗೋಡೆ ದಾಟಿ ಒಳಗೆ ಹೋಗುವಾಗ ಮತ್ತೆ ಕಡಿಮೆ. ಪಾದೆಯ ಕಡೆಗೆ ಕಿಟಕಿ ಇದ್ದರೆ ಬಚಾವ್.

ಫೋನಿನಿಂದ ಟವರಿಗೆ ಹೋಗುವ ದಾರಿಗೂ ಇದೇ ಲಾಭ, ಮರಳುವ ದಾರಿಗೆ ಬೇರೆ ಏರ್ಪಾಡು ಬೇಡ.

ಕುಂಬಳೆ_ಪಿಸಿಬಿ
ಇನ್ನು ಬೋರ್ಡಿನ ವಿಷಯ. 1.6 ಮಿಮೀ ಎಫ್‌ಆರ್4ನಲ್ಲಿ 1800ಕ್ಕೆ ಮಾಡಬೇಡಿ ಮಾರಾಯ್ರೇ. ಅದು ಸಿಗ್ನಲ್ ತಿರುಗಿಸುವುದಿಲ್ಲ, ನುಂಗ್ತದೆ.

ಕಾರಣ: ನೆಲದ ತಾಮ್ರದ ಮೇಲೆ ಕೂತ ಪ್ರತಿ ಚೌಕವೂ ಒಂದು ಅನುರಣಕ, ಅಂದರೆ ತನ್ನದೇ ಒಂದು ಆವರ್ತನಕ್ಕೆ ಜೋರಾಗಿ ಮಿಡಿಯುವಂಥದ್ದು. ಅದಕ್ಕೆ ಶಕ್ತಿ ಬಿಡಲಿಕ್ಕೆ ಎರಡು ದಾರಿ. ಒಂದು, ವಾಪಸ್ ಗಾಳಿಗೆ. ಇನ್ನೊಂದು, ಬೋರ್ಡಿನ ಒಳಗೆ ಬಿಸಿಯಾಗಿ. ಎಫ್‌ಆರ್4ನ ಲಾಸ್ ಟ್ಯಾಂಜೆಂಟ್ (ಅಲೆಯನ್ನು ಬಿಸಿಯಾಗಿ ನುಂಗುವುದರ ಅಳತೆ) 0.02, ಅಂದರೆ ಒಳನಷ್ಟದ ಕ್ಯೂ 50. ಕ್ಯೂ ಹೆಚ್ಚಾದಷ್ಟೂ ಆ ದಾರಿಯಲ್ಲಿ ಶಕ್ತಿ ಹೋಗುವುದು ನಿಧಾನ. ಗಾಳಿಗೆ ಬಿಡುವ ಕ್ಯೂ ದಪ್ಪ ಮತ್ತು ತರಂಗಾಂತರದ ಅನುಪಾತಕ್ಕೆ ಕಟ್ಟುಬಿದ್ದದ್ದು, ದಪ್ಪ ಕಡಿಮೆಯಾದಷ್ಟೂ ಅದು ಏರ್ತದೆ. ತರಂಗಾಂತರದ ಮೂರನೇ ಒಂದು ಭಾಗದ ಕೋಶ, ಅದರಲ್ಲಿ ಅನುರಣಿಸುವ ಚೌಕ ಅಂತ ಕೈಲೆಕ್ಕ ಹಾಕಿದರೆ:

5.8 ಗಿಗಾಹರ್ಟ್ಸ್, 1.6 ಮಿಮೀ: ಗಾಳಿಯ ಕ್ಯೂ ಸುಮಾರು 12. ಅನುರಣನದಲ್ಲಿ ನಷ್ಟ ಹತ್ತಿರ ಹತ್ತಿರ 4.5 ಡಿಬಿ. ಸಹಿಸಬಹುದು.
1800 ಮೆಗಾಹರ್ಟ್ಸ್, ಅದೇ 1.6 ಮಿಮೀ: ಗಾಳಿಯ ಕ್ಯೂ ಸುಮಾರು 40. ಒಳನಷ್ಟದ 50ಕ್ಕೆ ಹತ್ತಿರ ಬಂತು. ಅನುರಣನದಲ್ಲಿ ವಾಪಸ್ ಬರುವುದು −19 ಡಿಬಿ.

ಎರಡು ಕ್ಯೂ ಸಮ ಆದರೆ ಪ್ರತಿಫಲನ ಸೊನ್ನೆ. ಪರಿಪೂರ್ಣ ಹೀರುಫಲಕ ಅಂತ 2008ರಿಂದ ಈಚೆಗೆ ಬರುವ ಪೇಪರುಗಳಲ್ಲಿ ಬಹಳಷ್ಟು ನಿಂತಿರುವುದು ಈ ಒಂದು ಸಮತೋಲದ ಮೇಲೆ. ನಿಮಗೆ ಬೇಡದ್ದು ಅದೇ.

ಮುಳ್ಳೇರಿಯ_ಆ್ಯಂಟೆನಾ
ಇದಕ್ಕೆ ಸೇರಿಸುವುದಾದರೆ, 1800ಕ್ಕೆ ಕೋಶ 55 ಮಿಮೀ, 4 ಚದರ ಮೀಟರಿಗೆ 36 × 36 = 1296 ಚೌಕ. ಇಷ್ಟು ಮಾಡಿ ಸಿಗುವುದು ಒಂದು ಬ್ಯಾಂಡ್. ಕಂಪನಿ ನಾಳೆ ನಿಮ್ಮ ಸೆಲ್ಲನ್ನು 2300ಕ್ಕೆ ಬದಲಿಸಿದರೆ ಫಲಕ ದಂಡ.

ಅದರ ಬದಲು 4 ಚದರ ಮೀಟರ್ ಅಲ್ಯೂಮಿನಿಯಂ ತಗಡು. ಎಲ್ಲಾ ಬ್ಯಾಂಡಿಗೂ ಅದೇ, ನಷ್ಟ ಇಲ್ಲವೆಂದೇ ಹೇಳಬೇಕು. ಓರೆ ಮಾಡಿ ನಿಲ್ಲಿಸಲಿಕ್ಕೆ ಜಾಗ ಇರುವಲ್ಲಿ ಮೆಟಾಸರ್ಫೇಸಿಗೆ ಕೆಲಸವೇ ಇಲ್ಲ. ಮೈಕ್ರೋವೇವ್ ಲಿಂಕಿನವರು ಗುಡ್ಡಗಾಡಿನಲ್ಲಿ ದೊಡ್ಡ ಚಪ್ಪಟೆ ಲೋಹದ ಫಲಕ ನಿಲ್ಲಿಸಿ ದಾರಿ ತಿರುಗಿಸುವುದು ದಶಕಗಳ ಪದ್ಧತಿ.

ಮೆಟಾಸರ್ಫೇಸ್ ಗೆಲ್ಲುವುದು ಫಲಕ ಓರೆ ಮಾಡಲಿಕ್ಕೆ ಆಗದ ಕಡೆ: ಗೋಡೆಗೆ ಅಂಟಿಸಬೇಕು, ಆದರೆ ಪ್ರತಿಫಲನ ಓಣಿಯ ತಿರುವಿಗೆ ಹೋಗಬೇಕು ಅಂತಾದರೆ. ಅಥವಾ ಒಂದೇ ಚಪ್ಪಟೆ ಫಲಕ ಅಲೆಯನ್ನು ಒಂದು ಬಿಂದುವಿಗೆ ಕೂಡಿಸಬೇಕು ಅಂತಾದರೆ.

ಉಪ್ಪಳ_ಇಸಿಇ
ಎರಡು ಯಾಗಿ ಆ್ಯಂಟೆನಾ ಬೆನ್ನಿಗೆ ಬೆನ್ನು ಕಟ್ಟಿ ನಡುವೆ ಕೇಬಲ್ ಹಾಕಿದರೆ?

ಮುಳ್ಳೇರಿಯ_ಆ್ಯಂಟೆನಾ
ಎರಡೂ 15 ಡಿಬಿಐ (ಒಂದೇ ದಿಕ್ಕಿಗೆ ಕೂಡಿಸುವ ಬಲದ ಅಳತೆ) ಅಂತ ಇಟ್ಟರೆ 100 ಮೀಟರಿಗೆ −47.5 ಡಿಬಿ. 1 ಚದರ ಮೀಟರ್ ತಗಡಿಗಿಂತ 23 ಡಿಬಿ ಕೆಳಗೆ, ಕೇಬಲ್ ನಷ್ಟ ಬೇರೆ. ಆ ತಗಡು ಒಂದೊಂದು ಬದಿಗೆ 26.5 ಡಿಬಿಐ ಆ್ಯಂಟೆನಾಕ್ಕೆ ಸಮ, ಹಾಗಾಗಿ.

ಆಂಪ್ಲಿಫೈಯರ್ ಇರುವ ಬೂಸ್ಟರಿನ ಮಾತು ಯಾರೂ ಎತ್ತಬೇಡಿ. ಪರವಾನಗಿ ಇಲ್ಲದೆ ಇಡುವುದು ಕಾನೂನುಬಾಹಿರ, ಮೇಲಾಗಿ ಅದು ತನ್ನ ಸಿಗ್ನಲನ್ನೇ ಮತ್ತೆ ಹಿಡಿದು ಕಿರುಚಲಿಕ್ಕೆ ಶುರುಮಾಡಿದರೆ ಇಡೀ ಸೆಲ್ಲಿನವರಿಗೆ ತೊಂದರೆ.

ಉಪ್ಪಳ_ಇಸಿಇ
ತಗಡಿನ ವಿಷಯ ಒಪ್ಪಿದೆ. ಆದರೆ ಕಲಿಯಲಿಕ್ಕೆ ಅಂತ ಒಂದು ಮೆಟಾಸರ್ಫೇಸ್ ಮಾಡುವುದಾದರೆ 5.8ರಲ್ಲಿ ಹೇಗೆ? ಕಾಲೇಜು ಪ್ರಾಜೆಕ್ಟಿಗೆ. ನೇರ ಬಿದ್ದದ್ದು 30 ಡಿಗ್ರಿಗೆ ಹೊರಡಬೇಕು.

ಕುಂಬಳೆ_ಪಿಸಿಬಿ
ಆವರ್ತನ ಒಳ್ಳೆಯದನ್ನೇ ಆರಿಸಿದ್ದೀರಿ. 5725ರಿಂದ 5875 ಮೆಗಾಹರ್ಟ್ಸ್ 2018ರಿಂದ ಪರವಾನಗಿ ಮುಕ್ತ ಪಟ್ಟಿಯಲ್ಲಿ ಉಂಟು, ಮಿತಿಯೊಳಗಿನ ಶಕ್ತಿಗೆ.

ತರಂಗಾಂತರ 51.7 ಮಿಮೀ. 30 ಡಿಗ್ರಿಗೆ ಸೈನ್ ಅರ್ಧ, ಹಾಗಾಗಿ ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವುದು, ಡಿಗ್ರಿಯಲ್ಲಿ) ಒಂದು ಪೂರ್ತಿ ಸುತ್ತು ಬರಬೇಕಾದ ಉದ್ದ 51.7 ÷ 0.5 = 103.4 ಮಿಮೀ. ಅದನ್ನು 6 ಪಾಲು ಮಾಡಿ: ಕೋಶ 17.2 ಮಿಮೀ, ಒಂದರಿಂದ ಇನ್ನೊಂದಕ್ಕೆ 60 ಡಿಗ್ರಿ ಫೇಸ್. 300 ಮಿಮೀ ಬೋರ್ಡಿನಲ್ಲಿ 17 ಕೋಶ ಹಿಡೀತದೆ. 18 ಹಿಡಿಸಿ 310 ಮಾಡಿದರೆ ಸರಿಯಾಗಿ ಮೂರು ಸುತ್ತು.

ಚೌಕಗಳ ಅಳತೆ, ಅನುರಣನ 11.8 ಮಿಮೀಗೆ ಅಂತ ಇಟ್ಟುಕೊಂಡ ಕೈಲೆಕ್ಕದ ಮೊದಲ ಅಂದಾಜು:
10.0, 11.34, 11.68, 11.92, 12.26, 13.6 ಮಿಮೀ.

ಮಧ್ಯದ ನಾಲ್ಕನ್ನು ನೋಡಿ. ನಾಲ್ಕೂ ಸೇರಿ ಒಂದು ಮಿಲಿಮೀಟರಿನೊಳಗೆ! ಅನುರಣನದ ಹತ್ತಿರ 0.1 ಮಿಮೀ ತಪ್ಪಿದರೆ ಫೇಸ್ 25 ಡಿಗ್ರಿ ತಪ್ತದೆ. ಟೋನರ್ ಕಾಗದ ಇಸ್ತ್ರಿ ಮಾಡಿ ಫೆರಿಕ್ ಕ್ಲೋರೈಡಿನಲ್ಲಿ ಅದ್ದುವ ವಿಧಾನದಲ್ಲಿ ಅಂಚು 0.1, 0.2 ಮಿಮೀ ತಿನ್ನುವುದು ಮಾಮೂಲಿ. ಎಲ್ಲಾ ಚೌಕವೂ ಒಂದೇ ಸಮ ತಿಂದರೆ ಆವರ್ತನ ಮೇಲೆ ಸರೀತದೆ, ಅಷ್ಟೆ. ಮೂಲೆಯಲ್ಲಿ ಹೆಚ್ಚು, ಮಧ್ಯದಲ್ಲಿ ಕಡಿಮೆ ತಿಂದರೆ ಕಿರಣವೇ ಒಡೀತದೆ. ದ್ರಾವಣ ಬಿಸಿ ಇರಲಿ, ಬೋರ್ಡನ್ನು ಅಲುಗಿಸುತ್ತಾ ಇರಿ. 310 ಮಿಮೀ ಬೋರ್ಡಿಗೆ ಅಷ್ಟು ದೊಡ್ಡ ತಟ್ಟೆ ಬೇಕಾಗ್ತದೆ. ಸರಿಯಾಗಿ ಆಗಬೇಕಾದರೆ ಹೊರಗೆ ಫ್ಯಾಬ್ರಿಕೇಶನ್ನಿಗೆ ಕೊಡುವುದೇ ಮೇಲು.

ಅದಕ್ಕಿಂತ ದೊಡ್ಡ ಶತ್ರು ಬೋರ್ಡಿನ ಪರ್ಮಿಟಿವಿಟಿ, ಅಂದರೆ ಅದರೊಳಗೆ ಅಲೆ ಎಷ್ಟು ನಿಧಾನ ಆಗ್ತದೆ ಅಂತ ಹೇಳುವ ವಿದ್ಯುತ್ ಗುಣ. 4.4 ಅಂತ ಲೆಕ್ಕ ಹಾಕಿ ಬಂದದ್ದು 4.2 ಇದ್ದರೆ ಅನುರಣನ ಶೇ. 2ರಷ್ಟು ಸರೀತದೆ, ಅಂದರೆ ಸುಮಾರು 60 ಡಿಗ್ರಿ, ಒಂದು ಪೂರ್ತಿ ಹೆಜ್ಜೆ. ಮಧ್ಯದ ಚೌಕಗಳಿಗೆ ಬೀಳುವ ಈ ಪೆಟ್ಟು 10.0 ಮತ್ತು 13.6ಕ್ಕೆ ಅಷ್ಟಾಗಿ ಬೀಳುವುದಿಲ್ಲ, ಹಾಗಾಗಿ ಏಣಿಯ ಮೆಟ್ಟಿಲು ಒಂದು ಕಡೆ ಮಾತ್ರ ಕುಸಿದ ಹಾಗೆ. ಮೊದಲು ಅದೇ ಹಾಳೆಯಿಂದ ಒಂದು ತುಂಡು ಕತ್ತರಿಸಿ, ಮೈಕ್ರೋಸ್ಟ್ರಿಪ್ ಉಂಗುರ ಮಾಡಿ ಅಳೆದು, ಆಮೇಲೆ ಚೌಕ ಬಿಡಿಸಿ.

ಬದಿಯಡ್ಕ_ಮಾಷ್ಟ್ರು
ದಪ್ಪ ಇಮ್ಮಡಿ ಮಾಡುವುದು ಸುಲಭದ ಪರಿಹಾರ ಅಲ್ವಾ?

ಕುಂಬಳೆ_ಪಿಸಿಬಿ
ಹೌದು. 3.2 ಮಿಮೀ ಆದರೆ ಗಾಳಿಯ ಕ್ಯೂ 6ಕ್ಕೆ ಇಳೀತದೆ. 0.1 ಮಿಮೀ ತಪ್ಪಿಗೆ 25 ಡಿಗ್ರಿ ಇದ್ದದ್ದು 12 ಆಗ್ತದೆ, ಅನುರಣನದ ನಷ್ಟ 4.5ರಿಂದ 2.2 ಡಿಬಿಗೆ ಬರ್ತದೆ. ಬದಲಿಗೆ ಫೇಸಿನ ಒಟ್ಟು ಹರವು ಕಡಿಮೆ, ತುದಿಯ ಎರಡು ಚೌಕಗಳನ್ನು ಇನ್ನಷ್ಟು ಸಣ್ಣ, ಇನ್ನಷ್ಟು ದೊಡ್ಡ ಮಾಡಬೇಕು. ಅಳತೆಗಳನ್ನೆಲ್ಲ ಮತ್ತೆ ತೆಗೆಯಬೇಕು, ಅಂಚಿನ ಕ್ಷೇತ್ರ ಹೆಚ್ಚುವುದರಿಂದ ಅನುರಣನದ ಚೌಕ ಸ್ವಲ್ಪ ಸಣ್ಣದಾಗ್ತದೆ.

ಎರಡು 1.6 ಬೋರ್ಡು ಅಂಟಿಸುವಾಗ ನಡುವೆ ಗಾಳಿ ಉಳಿಯಬಾರದು. ಒಳಮುಖದ ತಾಮ್ರ ಪೂರ್ತಿ ತೆಗೆದಿರಬೇಕು. ತೆಳು ಎಪಾಕ್ಸಿ ಹಚ್ಚಿ, ಗಾಜಿನ ಎರಡು ಹಲಗೆ ನಡುವೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಕಾಲು ಮಿಲಿಮೀಟರ್ ಗಾಳಿ ಉಳಿದರೂ ಅನುರಣನ ಮೇಲೆ ಹಾರ್ತದೆ.

ಉಪ್ಪಳ_ಇಸಿಇ
ಸಿಮ್ಯುಲೇಶನ್ ಯಾವುದರಲ್ಲಿ? ದುಡ್ಡಿನ ಸಾಫ್ಟ್‌ವೇರ್ ಇಲ್ಲ.

ಮುಳ್ಳೇರಿಯ_ಆ್ಯಂಟೆನಾ
ಓಪನ್‌ಇಎಂಎಸ್ ಸಾಕು, ಉಚಿತ. ನೇರ ಬೀಳುವ ಅಲೆಗೆ ಒಂದೇ ಕೋಶ ಇಟ್ಟು, ವಿದ್ಯುತ್ ಕ್ಷೇತ್ರದ ದಿಕ್ಕಿನ ಎರಡು ಗೋಡೆ ಪಿಇಸಿ (ಪರಿಪೂರ್ಣ ವಿದ್ಯುತ್ ವಾಹಕ), ಉಳಿದ ಎರಡು ಪಿಎಂಸಿ (ಅದರ ಕಾಂತೀಯ ಜೋಡಿ). ಕನ್ನಡಿಯೊಳಗಿನ ಕನ್ನಡಿಯ ಹಾಗೆ ಕೋಶ ಕೊನೆಯಿಲ್ಲದೆ ಹರಡ್ತದೆ. ಬೋರ್ಡಿನ ದಪ್ಪದಲ್ಲಿ ಕನಿಷ್ಠ 4 ಜಾಲರೇಖೆ, ಚೌಕದ ಅಂಚಿನಲ್ಲಿ ರೇಖೆಗಳು ಮೂರನೇ ಒಂದು ಒಳಗೆ, ಮೂರನೇ ಎರಡು ಹೊರಗೆ. ಅಂಚಿನ ಮೇಲೇ ರೇಖೆ ಇಟ್ಟರೆ ಅನುರಣನ ಶೇ. 1, 2 ತಪ್ಪಿ ಬರ್ತದೆ, ಅದು ನಿಮಗೆ ದುಬಾರಿ ಅಂತ ಮೇಲೆ ನೋಡಿದ್ದೀರಿ. ಶಕ್ತಿ −50 ಡಿಬಿಗೆ ಇಳಿಯುವವರೆಗೆ ಓಡಿಸಿ.

ಚೌಕ 6ರಿಂದ 16 ಮಿಮೀ ವರೆಗೆ ಬದಲಿಸುತ್ತಾ 5.8ರಲ್ಲಿ ಫೇಸ್ ಬರೆದಿಟ್ಟುಕೊಳ್ಳಿ. ಅನುರಣನದ ಹತ್ತಿರ 0.05 ಮಿಮೀ ಹೆಜ್ಜೆ, ದೂರದಲ್ಲಿ 0.5 ಸಾಕು. ಫೇಸ್ ಅಳೆಯುವ ಸಮತಲ ಎಲ್ಲದಕ್ಕೂ ಚೌಕದ ಮೇಲ್ಮೈಯೇ ಇರಲಿ.

ನೆರೆಯ ಚೌಕ ಒಂದೇ ಅಳತೆಯದ್ದು ಅಂತ ಈ ವಿಧಾನ ನಂಬ್ತದೆ. ನಿಜವಾದ ಫಲಕದಲ್ಲಿ 13.6ರ ಪಕ್ಕ 10.0 ಬರ್ತದೆ, ಅಲ್ಲಿ ತಪ್ಪುವುದು ಖಂಡಿತ. ಆಮೇಲೆ 6 ಕೋಶದ ಸಾಲು ಪೂರ್ತಿ ಇಟ್ಟು ಒಮ್ಮೆ ನೋಡಬೇಕು.

ಪೆರ್ಲ_ಪದವು
ನಡುವೆ ಬಾಯಿ ಹಾಕುವುದು. ಮೆಟಾಮೆಟೀರಿಯಲ್ ಅಂದರೆ ಋಣ ವಕ್ರೀಭವನ, ಅದೃಶ್ಯ ಮಾಡುವ ಹೊದಿಕೆ ಅಂತೆಲ್ಲ ಕೇಳಿದ್ದು. ಇಲ್ಲಿ ಅದು ಯಾವುದೂ ಕಾಣುವುದಿಲ್ಲ?

ಬದಿಯಡ್ಕ_ಮಾಷ್ಟ್ರು
ಬೇಡದ ಕಾರಣ ಕಾಣುವುದಿಲ್ಲ. 1967ರಲ್ಲಿ ರಷ್ಯದ ಭೌತವಿಜ್ಞಾನಿ ವೆಸೆಲಾಗೊ ಕಾಗದದ ಮೇಲೆ ಕೇಳಿದ ಪ್ರಶ್ನೆ ಅದು: ಪರ್ಮಿಟಿವಿಟಿ, ಅದರ ಕಾಂತೀಯ ಜೋಡಿಯಾದ ಪರ್ಮಿಯಬಿಲಿಟಿ ಎರಡೂ ಋಣವಾದರೆ ಏನಾದೀತು ಅಂತ. ತಂತಿಯ ಜಾಲದಿಂದ ಒಂದನ್ನು, ಸೀಳುಂಗುರದಿಂದ ಇನ್ನೊಂದನ್ನು ಋಣ ಮಾಡುವ ದಾರಿಯನ್ನು ಬ್ರಿಟನ್ನಿನ ಭೌತವಿಜ್ಞಾನಿ ಪೆಂಡ್ರಿ 1990ರ ದಶಕದಲ್ಲಿ ತೋರಿಸಿದರು. 2000ದ ಹೊತ್ತಿಗೆ ಸ್ಮಿತ್ ಮತ್ತು ಸಂಗಡಿಗರು ಕಟ್ಟಿ ಅಳೆದರು. 2006ರ ಹೊದಿಕೆಯೂ ಮೈಕ್ರೋವೇವಿಗೆ ಮಾತ್ರ, ಅದೂ ಸಪುರ ಬ್ಯಾಂಡಿನಲ್ಲಿ. ನಿಮ್ಮ ಕೆಲಸಕ್ಕೆ ಬೇಕಾದ್ದು ಫೇಸ್ ಹಂಚುವ ಚಪ್ಪಟೆ ಫಲಕ. ಅದರ ಅಜ್ಜ ರಿಫ್ಲೆಕ್ಟ್ಅರೇ (ತುಂಡು ತುಂಡಾಗಿ ಫೇಸ್ ಹೊಂದಿಸಿ ಪ್ರತಿಫಲಿಸುವ ಆ್ಯಂಟೆನಾ), 1963ರದ್ದು.

ಇನ್ನೂ ಹಿಂದೆ ಹೋದರೆ ನಮ್ಮ ಜಗದೀಶ ಚಂದ್ರ ಬೋಸ್. 1898ರಲ್ಲಿ ಸೆಣಬಿನ ನಾರು ತಿರುಚಿ ಕಟ್ಟಿ, ಅದರೊಳಗಿಂದ ಹೋದ ಅಲೆಯ ಧ್ರುವೀಕರಣ ತಿರುಗುವುದನ್ನು ತೋರಿಸಿದರು. ವಸ್ತುವಿನ ರಾಸಾಯನಿಕ ಗುಣದಿಂದ ಅಲ್ಲ, ಕಟ್ಟಿದ ಆಕಾರದಿಂದ ಅಲೆಯನ್ನು ಆಳುವುದು, ವಿಷಯ ಅಷ್ಟೇ.

ಉಪ್ಪಳದವರೇ, ಎಚ್ಚಿಂಗ್ (ದ್ರಾವಣದಲ್ಲಿ ತಾಮ್ರ ಕರಗಿಸುವುದು) ಇಲ್ಲದೆ ಮೊದಲು ಕೈ ಪಳಗಿಸಲಿಕ್ಕೆ ತಂತಿಯ ಜಾಲ ಮಾಡಿ. 0.5 ಮಿಮೀ ವ್ಯಾಸದ ತಾಮ್ರದ ತಂತಿ, 12 ಮಿಮೀ ಅಂತರ, ಒಂದರ ಹಿಂದೆ ಒಂದು 12 ಮಿಮೀ ಅಂತರದಲ್ಲೇ 5 ಪದರ, ಥರ್ಮೋಕೋಲ್ ಚೌಕಟ್ಟು. ಪೆಂಡ್ರಿ ಸೂತ್ರದ ಪ್ರಕಾರ ಪ್ಲಾಸ್ಮಾ ಆವರ್ತನ 5.1 ಗಿಗಾಹರ್ಟ್ಸ್. ಅದರ ಕೆಳಗೆ ತಡೀತದೆ, ಮೇಲೆ ಬಿಡ್ತದೆ. ತಂತಿಗೆ ಸಮಾಂತರ ಧ್ರುವೀಕರಣಕ್ಕೆ ಮಾತ್ರ. 90 ಡಿಗ್ರಿ ತಿರುಗಿಸಿದರೆ ಜಾಲ ಇಲ್ಲದ ಹಾಗೆ. ಅಂತರ ಅಸಮ ಆದರೆ ಗೆರೆ ಮಸುಕಾಗ್ತದೆ, ತಂತಿ ಸಡಿಲ ಬಿಡಬೇಡಿ.

ಉಪ್ಪಳ_ಇಸಿಇ
ಅಳೆಯಲಿಕ್ಕೆ, ಅಲೆಯ ಬಲ ಮತ್ತು ಫೇಸ್ ತೋರಿಸುವ ಸಣ್ಣ ಉಪಕರಣ ಉಂಟಲ್ಲ, ನ್ಯಾನೊವಿಎನ್‌ಎ ಸಾಕಾ?

ಮುಳ್ಳೇರಿಯ_ಆ್ಯಂಟೆನಾ
ಹಳೆಯ ಮಾದರಿ 5.8 ಮುಟ್ಟುವುದಿಲ್ಲ. ಲೈಟ್‌ವಿಎನ್‌ಎ 6.3 ಗಿಗಾಹರ್ಟ್ಸ್ ವರೆಗೆ ಹೋಗ್ತದೆ. ಆದರೆ ಮೇಲಿನ ತುದಿಯಲ್ಲಿ ಅದರ ಡೈನಮಿಕ್ ರೇಂಜ್ ಕಡಿಮೆ, ಆ್ಯಂಟೆನಾಗಳನ್ನು ತುಂಬ ದೂರ ಇಡಬೇಡಿ.

ಆ್ಯಂಟೆನಾಕ್ಕೆ ಒಳವ್ಯಾಸ 36 ಮಿಮೀ ತಾಮ್ರ ಅಥವಾ ಹಿತ್ತಾಳೆ ಕೊಳವೆ, ಒಂದು ತುದಿ ಮುಚ್ಚಿದ್ದು. ಮೊದಲ ಮೋಡ್ (ಅಲೆ ಕೊಳವೆಯೊಳಗೆ ಸಾಗುವ ಒಂದು ಬಗೆ) 4.9ರಿಂದ ಹೋಗ್ತದೆ, ಮುಂದಿನದ್ದು 6.4ಕ್ಕೆ ಶುರು, ನಿಮ್ಮ 5.8 ಮಧ್ಯದಲ್ಲಿ. ಪ್ರೋಬ್ (ಕೇಬಲಿನಿಂದ ಕೊಳವೆಯೊಳಗೆ ಚಾಚುವ ತಂತಿ) ಮುಚ್ಚಿದ ತುದಿಯಿಂದ 24 ಮಿಮೀಗೆ, ಉದ್ದ 12 ಮಿಮೀ ಇಟ್ಟು ಶುರುಮಾಡಿ ಸ್ವಲ್ಪ ಸ್ವಲ್ಪ ಕತ್ತರಿಸಿ ಟ್ಯೂನ್ ಮಾಡಿ. ಗಾಳಿಯ ತರಂಗಾಂತರದ ಕಾಲು ಭಾಗ, ಅಂದರೆ 13 ಮಿಮೀ, ಪ್ರೋಬಿನ ಜಾಗಕ್ಕೆ ತೆಗೆದುಕೊಳ್ಳಬೇಡಿ. ಕೊಳವೆಯೊಳಗಿನ ತರಂಗಾಂತರ 96 ಮಿಮೀ, ಅದರ ಕಾಲು 24.

310 ಮಿಮೀ ಫಲಕಕ್ಕೆ ದೂರಕ್ಷೇತ್ರ (ಕಿರಣ ಪೂರ್ತಿ ರೂಪ ತಾಳುವ ದೂರ) 4 ಮೀಟರಿನ ಹತ್ತಿರ. ಕೋಣೆಯಲ್ಲಿ ಅಷ್ಟು ಇಟ್ಟರೆ ಗೋಡೆಯ ಪ್ರತಿಧ್ವನಿ ಬರ್ತದೆ. ಹಾಗಾಗಿ ಮೂರು ಅಳತೆ, ಸಂಕೀರ್ಣ ಸಂಖ್ಯೆಯಲ್ಲೇ ಉಳಿಸಿ: ಫಲಕ ಇಲ್ಲದೆ, ಅದೇ ಗಾತ್ರದ ತಗಡಿನ ಜೊತೆ, ಫಲಕದ ಜೊತೆ. ಎರಡರಿಂದಲೂ ಖಾಲಿ ಅಳತೆ ಕಳೆದು, ಫಲಕವನ್ನು ತಗಡಿನಿಂದ ಭಾಗಿಸಿ. ತಗಡನ್ನು 15 ಡಿಗ್ರಿ ತಿರುಗಿಸಿ ಅದರ ಪ್ರತಿಫಲನವೂ 30 ಡಿಗ್ರಿಗೇ ಬೀಳುವ ಹಾಗೆ ಮಾಡಿದರೆ ಹೋಲಿಕೆ ನ್ಯಾಯ. ಕೇಬಲ್ ಅಲುಗಿದರೆ ಫೇಸ್ ಹೋಯಿತು, ಮೇಜಿಗೆ ಟೇಪ್ ಹಾಕಿ ಬಿಗಿಯಿರಿ.

30 ಡಿಗ್ರಿಯಲ್ಲಿ ಶಿಖರ ಬಂದು, ನೇರ ವಾಪಸ್ ದಿಕ್ಕಿನಲ್ಲೂ ಅಷ್ಟೇ ದೊಡ್ಡದು ಬಂದರೆ ಮಧ್ಯದ ಚೌಕಗಳ ಫೇಸ್ ತಪ್ಪಿದೆ ಅಂತ ಲೆಕ್ಕ. 5.6ರಿಂದ 6.0 ವರೆಗೆ ಸ್ವೀಪ್ ಮಾಡಿ, ಬೇರೆ ಆವರ್ತನದಲ್ಲಿ ಸರಿಯಾದರೆ ಕಾರಣ ಪರ್ಮಿಟಿವಿಟಿ, ಇಲ್ಲವೇ ಒಂದೇ ಸಮ ತಿಂದ ಎಚ್ಚಿಂಗ್. ಎಲ್ಲೂ ಸರಿಯಾಗದಿದ್ದರೆ ಅಸಮ ಎಚ್ಚಿಂಗ್.

ಕುಂಬಳೆ_ಪಿಸಿಬಿ
ಜೂನ್‌ನಿಂದ ಇಲ್ಲಿನ ತೇವದಲ್ಲಿ ಎಫ್‌ಆರ್4 ನೀರು ಹೀರ್ತದೆ, ಪರ್ಮಿಟಿವಿಟಿಯೂ ನಷ್ಟವೂ ಏರ್ತದೆ. ಕಡಲ ಗಾಳಿಗೆ ಬರಿ ತಾಮ್ರ ಹಸಿರಾಗ್ತದೆ. ಅಳೆಯುವ ಮೊದಲು ಬೋರ್ಡನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಒಣಗಿಸಿ. ಹೊರಗೆ ಇಡುವುದಾದರೆ ತೆಳು ಅಕ್ರಿಲಿಕ್ ಸ್ಪ್ರೇ, ದಪ್ಪ ಪೇಂಟ್ ಬೇಡ.

ಪೆರ್ಲ_ಪದವು
ಫೋನಿನ ಬೆನ್ನಿಗೆ ಅಂಟಿಸುವ "ವಿಕಿರಣ ತಡೆ" ಸ್ಟಿಕ್ಕರಿಗೂ ಇದೇ ಹೆಸರು ಹಾಕಿ ಮಾರ್ತಾರಲ್ಲ, ಅದೆಂತ?

ಮುಳ್ಳೇರಿಯ_ಆ್ಯಂಟೆನಾ
ನಾಣ್ಯದಷ್ಟು ಸ್ಟಿಕ್ಕರ್ ಏನೂ ತಡೆಯುವುದಿಲ್ಲ. ನಿಜವಾಗಿ ಆ್ಯಂಟೆನಾ ಮುಚ್ಚುವಂಥದ್ದಾದರೆ ಫೋನ್ ಶಕ್ತಿ ಏರಿಸ್ತದೆ. ಎಸ್‌ಎಆರ್ (ದೇಹ ಹೀರುವ ರೇಡಿಯೊ ಶಕ್ತಿಯ ಅಳತೆ) ಮಿತಿ ನಮ್ಮಲ್ಲಿ 1 ಗ್ರಾಂ ಅಂಗಾಂಶಕ್ಕೆ ಸರಾಸರಿ 1.6 ವ್ಯಾಟ್/ಕೆಜಿ, ಫೋನ್ ಅದರೊಳಗೇ ಇರಬೇಕು. ಮುಂದೆ ಹೋಗುವ.

ಪೆರ್ಲ_ಪದವು
ಸರಿ, ತಗಡೇ ಆಗ್ಲಿ. ಪಾದೆಯ ಮೇಲೆ 2 × 2 ಮೀಟರ್ ನಿಲ್ಲಿಸುವಾಗ ಎಂತ ನೋಡಬೇಕು?

ಮುಳ್ಳೇರಿಯ_ಆ್ಯಂಟೆನಾ
ಗಾಳಿ. ಈ ಕರಾವಳಿಗೆ ವಿನ್ಯಾಸದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. 0.6 × 39ರ ವರ್ಗ, ಚದರ ಮೀಟರಿಗೆ 913 ನ್ಯೂಟನ್. ನಾಲ್ಕಕ್ಕೆ 3650, ಅಂದರೆ 370 ಕೆಜಿ ತಳ್ಳಿದ ಹಾಗೆ, ಗುಡ್ಡದ ಮೇಲೆ ಇನ್ನೂ ಹೆಚ್ಚು. ಹಾಗಾಗಿ ಇಡೀ ತಗಡು ಬೇಡ, ಜಾಲರಿ. ಕಣ್ಣು ತರಂಗಾಂತರದ ಹತ್ತನೇ ಒಂದಕ್ಕಿಂತ ಸಣ್ಣದಿರಬೇಕು, 1800ಕ್ಕೆ 16 ಮಿಮೀ. 12 ಮಿಮೀ ಕಣ್ಣಿನ ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಲರಿ ಸಾಕು. ಹೆಣೆದ ಕೋಳಿಬಲೆ ತುಕ್ಕು ಹಿಡಿದಾಗ ಗಂಟಿನಲ್ಲಿ ಸಂಪರ್ಕ ಕಡೀತದೆ, ಅದು ಬೇಡ.

ಫಲಕ ಎಲ್ಲೂ 10 ಮಿಮೀಗಿಂತ ಹೆಚ್ಚು ಉಬ್ಬಿ ತಗ್ಗಿರಬಾರದು. ಹಿಂದಿನಿಂದ ಅರ್ಧ ಮೀಟರಿಗೊಂದು ಕೋನಪಟ್ಟಿ ಕೊಡಿ. ಕಿರಣದ ಅಗಲ 4.2 ಡಿಗ್ರಿ, ಮನೆಯ ಹತ್ತಿರ 11 ಮೀಟರ್. ಫಲಕ 1 ಡಿಗ್ರಿ ತಿರುಗಿದರೆ ಕಿರಣ 2 ಡಿಗ್ರಿ ಸರೀತದೆ, ಮನೆಯಲ್ಲಿ 5 ಮೀಟರ್. ತಿರುಗುಣಿಗೆ ತಿರುಪು ಇರಬೇಕು.

ಗುರಿ ಹಿಡಿಯಲಿಕ್ಕೆ ಫಲಕದ ನಡುವೆ ಚಪ್ಪಟೆಯಾಗಿ ಒಂದು ಸಣ್ಣ ಕನ್ನಡಿ ಕಟ್ಟಿ. ಅಂಗಳದಲ್ಲಿ ನಿಂತವರಿಗೆ ಕನ್ನಡಿಯಲ್ಲಿ ಟವರಿನ ದಿಕ್ಕು ಕಂಡರೆ ಸರಿ, ದುರ್ಬೀನು ಬೇಕಾದೀತು.

ಕುಂಬಳೆ_ಪಿಸಿಬಿ
ಫಲಕದ ಎದುರು ಬೆಳೆಯುವ ಗಿಡಗಳನ್ನೂ ನೋಡಿಕೊಳ್ಳಿ. 1800ಕ್ಕೆ ಮಳೆ ಲೆಕ್ಕಕ್ಕಿಲ್ಲ, ಒದ್ದೆ ಸೋಗೆ ಲೆಕ್ಕಕ್ಕುಂಟು. ಸೋಗೆಗಳು ದಾರಿಗೆ ಅಡ್ಡ ಬಂದರೆ ಬೇಸಿಗೆಯಲ್ಲಿ −96 ಇದ್ದದ್ದು ಮಳೆಗಾಲದ ಆಟಿ ತಿಂಗಳಲ್ಲಿ ಇರಲಿಕ್ಕಿಲ್ಲ.

ಪೆರ್ಲ_ಪದವು
ಪಾದೆಯಿಂದ ಕೆಳಗೆ ಅಡಿಕೆ ಮರಗಳ ತಲೆ ನಾಲ್ಕೈದು ಮೀಟರ್ ತಗ್ಗಿನಲ್ಲಿ ಉಂಟು. ಸಾಕಾ?

ಮುಳ್ಳೇರಿಯ_ಆ್ಯಂಟೆನಾ
ಫಲಕದ ಬುಡದಲ್ಲಲ್ಲ, ದಾರಿಯ ನಡುಮಧ್ಯದಲ್ಲಿ ಅಳೆಯಿರಿ. 150 ಮೀಟರ್ ದಾರಿಗೆ ಮೊದಲ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಸಿಗ್ನಲ್ ಹಾಯಲಿಕ್ಕೆ ಬೇಕಾದ ಜಾಗ) ತ್ರಿಜ್ಯ ಅಲ್ಲಿ 2.5 ಮೀಟರ್. ಅದರ ಶೇ. 60, ಅಂದರೆ ಒಂದೂವರೆ ಮೀಟರ್ ಖಾಲಿ ಇದ್ದರೆ ಸಾಕು, ಮರ ಬೆಳೆಯುವುದಕ್ಕೆ ಇನ್ನು ಒಂದೆರಡು ಮೀಟರ್ ಬಿಡಿ.